ಗಾಡಿ ಬರುವ ಮೊದಲೇ ಹೆರಿಗೆಯಾದರೆ: ಮಾಡಬೇಕಾದ್ದು, ಮಾಡಬಾರದ್ದು

ಯಂಕಂಚಿ ಸುತ್ತಿನ ಊರು, ತಾಂಡಾ, ಹೊಲದ ವಸ್ತಿಗಳಲ್ಲಿ ತುಂಬು ಬಸುರಿ ಇರುವ ಪ್ರತಿ ಮನೆಗೆ. ಗಂಡ, ಅತ್ತೆ, ಹೆತ್ತವ್ವ ಮೂವರೂ ಓದಿ. ಓದಲು ಬಾರದವರಿಗೆ ಓದಿ ಹೇಳಿ.

ಹೆರಿಗೆಯ ಜಾಗ ಆಸ್ಪತ್ರೆ. ಹತ್ತಿರದ್ದು ಸಿಂದಗಿ ತಾಲ್ಲೂಕು ಆಸ್ಪತ್ರೆ. ತೊಡಕಿದ್ದರೆ ಸಿಂದಗಿಯಿಂದ ಸುಮಾರು 60 ಕಿ.ಮೀ. ದೂರದ ವಿಜಯಪುರ ಜಿಲ್ಲಾ ಆಸ್ಪತ್ರೆ. ಈ ಸೂಚನೆ ಮನೆಯಲ್ಲೇ ಹೆರಲು ಕೊಟ್ಟ ಒಪ್ಪಿಗೆ ಅಲ್ಲ. ಮಳೆಗೆ ದಾರಿ ಕಟ್ಟಾದ ರಾತ್ರಿಗೆ, ಗಾಡಿ ಬರುವ ಮೊದಲೇ ಕೂಸಿನ ತಲೆ ಕಂಡ ಗಳಿಗೆಗೆ ಇದು. ಹೆತ್ತ ಮೇಲೆ ರಕ್ತ ನಿಲ್ಲದೆ ಹರಿದರೆ ಎರಡು ತಾಸಿನಲ್ಲಿ ತಾಯಿ ಹೋಗಬಹುದು. ಉಸಿರಾಡದ ಕೂಸಿಗೆ ಅಷ್ಟೂ ಹೊತ್ತಿಲ್ಲ.

ಮಾಡಬೇಕಾದ್ದು

ಎಂಟನೇ ತಿಂಗಳು ಮುಗಿಯುವುದರೊಳಗೆ

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಯ ಉಚಿತ ತಪಾಸಣೆಗೆ ಕರೆದೊಯ್ಯಿರಿ.

ಬಿ.ಪಿ. ನೋಡಿಸಿ, ಅಂಕಿಯನ್ನು ತಾಯಿ ಕಾರ್ಡಿನಲ್ಲಿ ಬರೆಸಿ.

ಹಿಮೋಗ್ಲೋಬಿನ್ ಎಷ್ಟು ಎಂದು ಬಾಯಿಬಿಟ್ಟು ಕೇಳಿ. 11ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ. 7ಕ್ಕಿಂತ ಕೆಳಗಿದ್ದರೆ ಇವತ್ತೇ ಆಸ್ಪತ್ರೆ. ಇಂಥವಳು ಸ್ವಲ್ಪ ಸ್ರಾವವನ್ನೂ ತಡೆಯಲಾರಳು.

ಕಬ್ಬಿಣದ ಮಾತ್ರೆಯನ್ನು ಕಣ್ಣೆದುರೇ ನುಂಗಿಸಿ. ಗಡಿಗೆಯ ಹಿಂದೆ ಬಿದ್ದ ಮಾತ್ರೆ ರಕ್ತ ಆಗುವುದಿಲ್ಲ.

ಟಿ.ಡಿ. ಚುಚ್ಚುಮದ್ದು ಪೂರ್ತಿ ಹಾಕಿಸಿ.

ರಕ್ತದ ಗುಂಪು ಬರೆಸಿ. ನೆಗೆಟಿವ್ ಇದ್ದರೆ ನೆನಪಿಡಿ: ಹೆರಿಗೆ ಎಲ್ಲಿ ಆದರೂ 72 ತಾಸಿನೊಳಗೆ ಆ್ಯಂಟಿ-ಡಿ ಚುಚ್ಚುಮದ್ದು ಬೇಕೋ ಎಂದು ವೈದ್ಯರನ್ನು ಕೇಳಲೇಬೇಕು. ಮನೆಯಲ್ಲಿ ಹೆತ್ತವರಿಗೆ ತಪ್ಪಿಹೋಗುವುದು ಇದೇ. ಪೆಟ್ಟು ಬೀಳುವುದು ಮುಂದಿನ ಕೂಸಿಗೆ.

ರಕ್ತ ಕೊಡಬಲ್ಲ ಮೂವರನ್ನು ಈಗಲೇ ಗೊತ್ತು ಮಾಡಿ, ಅವರ ಫೋನ್ ನಂಬರ್ ಗೋಡೆಗೆ ಬರೆಯಿರಿ.

ಚೊಚ್ಚಲ ಹೆರಿಗೆಗೆ ತವರಿಗೆ ಕರೆತಂದರೆ ಅದೇ ದಿನ ತವರೂರಿನ ಆಶಾ ಕಾರ್ಯಕರ್ತೆಗೆ ಹೇಳಿ. ಗಂಡನ ಊರಿನ ಪುಸ್ತಕದಲ್ಲಿ ಹೆಸರಿರುವ ಬಸುರಿ ತವರಿನಲ್ಲಿ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ನಮ್ಮ ಕಡೆಯ ವ್ಯವಸ್ಥೆಯಲ್ಲಿ ಇದಕ್ಕಿಂತ ದೊಡ್ಡ ತೂತು ಇನ್ನೊಂದಿಲ್ಲ.

ತಾಯಿ ಕಾರ್ಡನ್ನು ಸೀರೆಗಿಂತ ಮೊದಲು ಚೀಲಕ್ಕೆ ಹಾಕಿ. 2022ರ ನವೆಂಬರ್‌ನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ಆಸ್ಪತ್ರೆಯಿಂದ ಹಿಂದಿರುಗಿದ ಗರ್ಭಿಣಿಯೊಬ್ಬಳು ಮನೆಯಲ್ಲೇ ಅವಳಿ ಹೆತ್ತು ಸತ್ತಳು. ಎರಡು ಕೂಸೂ ಉಳಿಯಲಿಲ್ಲ. ತುರ್ತಿನಲ್ಲಿ ಕಾಗದ ಕೇಳಬಾರದು ಎಂದು ಸರ್ಕಾರ ಆಮೇಲೆ ಹೇಳಿತು. ಆದರೂ ಕಾರ್ಡ್ ಇಟ್ಟುಕೊಳ್ಳಿ.

ಹೊಲದ ವಸ್ತಿಯಲ್ಲಿ ಇರುವವರು ದಿನ ತುಂಬುವ ಎರಡು ವಾರ ಮೊದಲೇ ಡಾಂಬರು ರಸ್ತೆಯ ಬದಿಯ ನೆಂಟರ ಮನೆಗೆ ಬನ್ನಿ. ಮಳೆ ಬಿದ್ದ ಎರಿ ಮಣ್ಣಿನಲ್ಲಿ ಆ್ಯಂಬುಲೆನ್ಸ್ ಒಂದು ಮಾರೂ ಸರಿಯುವುದಿಲ್ಲ.

ಭೀಮೆಯ ದಂಡೆಯವರು, ಡೋಣಿ ದಾಟಿ ಬರಬೇಕಾದವರು ಮಳೆಗಾಲದಲ್ಲಿ ಇನ್ನೂ ಮೊದಲೇ ಹೊರಡಿ. 2020ರ ಅಕ್ಟೋಬರ್‌ನಲ್ಲಿ ಭೀಮೆ ಇಂಡಿ, ಸಿಂದಗಿ ಕಡೆಯ ಊರುಗಳಿಗೆ ನುಗ್ಗಿದ್ದು ಮರೆಯುವಂಥದ್ದಲ್ಲ.

ಒಂದು ಟ್ರ್ಯಾಕ್ಟರ್, ಒಂದು ಟಂಟಂ ಹೇಳಿ ಇಡಿ. ಇಬ್ಬರು ಚಾಲಕರ ನಂಬರೂ ಇರಲಿ. ಒಬ್ಬ ಮದುವೆಗೆ ಹೋಗಿರುತ್ತಾನೆ.

ಸಿಂದಗಿ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ: ರಾತ್ರಿ ಸಿಸೇರಿಯನ್ ಆಗುತ್ತದೆಯೇ, ಅರಿವಳಿಕೆ ವೈದ್ಯರು ಇರುತ್ತಾರೆಯೇ, ರಕ್ತ ಸಿಗುತ್ತದೆಯೇ. ಇಲ್ಲ ಎಂದರೆ ನೇರ ವಿಜಯಪುರದ ದಾರಿ ಗೊತ್ತು ಮಾಡಿಕೊಳ್ಳಿ.

ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗಿದ್ದರೆ ಅಲ್ಲಿಯೂ 108ಕ್ಕೇ ಫೋನ್ ಮಾಡಿ. ಸರ್ಕಾರಿ ಆಸ್ಪತ್ರೆಯ ಉಚಿತ ಹೆರಿಗೆ ಯಾವ ರಾಜ್ಯದಲ್ಲೂ ನಿಮ್ಮ ಹಕ್ಕು.

ಕೆಳಗಿನ ಯಾವುದೊಂದಿದ್ದರೂ ನೋವು ಬರುವ ಮೊದಲೇ ಆಸ್ಪತ್ರೆ ಇರುವ ಊರಿಗೆ ಹೋಗಿ ಉಳಿಯಿರಿ: ಹಿಂದೆ ಸಿಸೇರಿಯನ್, ಹಿಂದಿನ ಹೆರಿಗೆಯಲ್ಲಿ ಅತಿ ಸ್ರಾವ, ಅವಳಿ, ಅಡ್ಡ ಕೂಸು, ತಲೆ ಮೇಲಿರುವ ಕೂಸು, ಬಿ.ಪಿ., ಸಕ್ಕರೆ ಕಾಯಿಲೆ. ತಾಯಿಯ ಎತ್ತರ 140 ಸೆಂ.ಮೀ.ಗಿಂತ ಕಡಿಮೆ, ನಾಲ್ಕಕ್ಕಿಂತ ಹೆಚ್ಚು ಹೆತ್ತವಳು.

ಗಂಟು ಕಟ್ಟಿಡಿ

ಹೊಸ ಬ್ಲೇಡು, ಕಾಗದ ಬಿಚ್ಚದ್ದು. ಮೂರು ತುಂಡು ಹತ್ತಿ ದಾರ. ಹೊಸ ಸಾಬೂನು. ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆ. ಒಗೆದು ಬಿಸಿಲಿನಲ್ಲಿ ಒಣಗಿಸಿದ ಬಿಳಿ ಧೋತರದ ತುಂಡುಗಳು. ಕೂಸಿಗೆ ನಾಲ್ಕು ಮೆತ್ತನೆ ಬಟ್ಟೆ, ಒಂದು ಕುಲಾವಿ. ಕೈಗವಸು. ಚಾರ್ಜ್ ಆದ ಟಾರ್ಚ್. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಮನೆಯ ಎಲ್ಲರಿಗೂ ಜಾಗ ತೋರಿಸಿ.

ಪ್ಲಾಸ್ಟಿಕ್ ಹಾಳೆ, ಬಿಳಿ ಬಟ್ಟೆ ಎಂದದ್ದಕ್ಕೆ ಕಾರಣ ಇದೆ. ಸಾರಿಸಿದ ನೆಲ ರಕ್ತ ಹೀರುತ್ತದೆ. ಕೌದಿ ಅದಕ್ಕಿಂತ ಹೆಚ್ಚು ಹೀರುತ್ತದೆ. ಬಣ್ಣ ಬಣ್ಣದ ಚೂರುಗಳ ಮೇಲೆ ಕೆಂಪು ಕಾಣುವುದೂ ಇಲ್ಲ. ಮೇಲೆ ನೋಡಿದರೆ ಬರೀ ಒದ್ದೆ. ಎತ್ತಿ ನೋಡಿದರೆ ಕೌದಿ ಎರಡು ಪಟ್ಟು ಭಾರ. ಆ ಭಾರವೆಲ್ಲ ತಾಯಿಯ ರಕ್ತ. ಬಿಳಿ ಬಟ್ಟೆಯ ಮೇಲೆ ಮಾತ್ರ ಲೆಕ್ಕ ಕಣ್ಣಿಗೆ ಕಾಣುತ್ತದೆ.

ನೋವು ಶುರುವಾದರೆ

ಹೊತ್ತು ನೋಡಿ ಬರೆದಿಡಿ.

ನೋವು ಹತ್ತು ನಿಮಿಷಕ್ಕೊಮ್ಮೆ ಬರತೊಡಗಿದರೆ ಹೊರಡಿ. ಎರಡನೆಯದೋ ಮೂರನೆಯದೋ ಹೆರಿಗೆಯಾದರೆ ಅದಕ್ಕೂ ಮೊದಲೇ ಹೊರಡಿ.

ನೀರು ಒಡೆದರೆ ನೋವಿಲ್ಲದಿದ್ದರೂ ಹೊರಡಿ. ನೀರು ಹಸಿರಾಗಿದ್ದರೆ ಓಡಿ.

108ಕ್ಕೆ ಫೋನ್ ಮಾಡಿ. ಊರು, ತಾಲ್ಲೂಕು, ಹತ್ತಿರದ ಗುಡಿ ಅಥವಾ ಶಾಲೆ, ಎಷ್ಟನೇ ಹೆರಿಗೆ ಎಂದು ಹೇಳಿ. ಅವರು ಇಡುವವರೆಗೆ ಫೋನ್ ಹಿಡಿದಿರಿ.

ಒಬ್ಬರನ್ನು ಟಾರ್ಚ್ ಕೊಟ್ಟು ಕ್ರಾಸಿಗೆ ನಿಲ್ಲಿಸಿ.

ಆಶಾಗೆ, ಉಪಕೇಂದ್ರದ ನರ್ಸ್‌ಗೆ ಹೇಳಿ ಕಳಿಸಿ.

ನೀರು, ಗಂಜಿ, ಚಹಾ ಗುಟುಕು ಗುಟುಕಾಗಿ ಕೊಡಿ. ಎರಡು ತಾಸಿಗೊಮ್ಮೆ ಮೂತ್ರಕ್ಕೆ ಕರೆದೊಯ್ಯಿರಿ.

ಹೊರಟ ಮೇಲೆ ಎಡ ಮಗ್ಗುಲಿಗೆ ಮಲಗಿಸಿ.

ತಲೆ ಕಾಣುತ್ತಿದ್ದರೆ, ತಡೆಯಲಾಗದಂತೆ ತಿಣುಕು ಬರುತ್ತಿದ್ದರೆ ಎಲ್ಲಿದ್ದೀರೋ ಅಲ್ಲೇ ನಿಲ್ಲಿ. ಟ್ರ್ಯಾಕ್ಟರ್ ಮೇಲೆ ಹೆರುವುದಕ್ಕಿಂತ ಮನೆಯ ನೆಲ ಲೇಸು.

ಕೂಸು ಬರುವಾಗ

ಬ್ಲೇಡು, ದಾರ ನೀರಿಗೆ ಹಾಕಿ 20 ನಿಮಿಷ ಕುದಿಸಿ.

ಕೈಯ ಬಳೆ, ಉಂಗುರ ತೆಗೆಯಿರಿ. ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆಯಿರಿ. ಗಾಳಿಯಲ್ಲೇ ಒಣಗಿಸಿ, ಸೆರಗಿಗೆ ಒರೆಸಿದರೆ ತೊಳೆದದ್ದು ವ್ಯರ್ಥ.

ತಾಯಿಗೆ ಸರಿ ಅನ್ನಿಸಿದ ಭಂಗಿಯಲ್ಲಿ ಬಿಡಿ: ಮಗ್ಗುಲಾಗಲಿ, ಕುಕ್ಕರಗಾಲಾಗಲಿ.

ತಲೆ ಹೊರಬರುವಾಗ ಅಂಗೈ ಆನಿಸಿ, ನಿಧಾನವಾಗಿ ಬರಲು ಬಿಡಿ.

ಬಳ್ಳಿ ಕುತ್ತಿಗೆಗೆ ಸುತ್ತಿದ್ದರೆ ಬೆರಳಿನಿಂದ ಮೆಲ್ಲಗೆ ತಲೆಯ ಮೇಲಿಂದ ಜಾರಿಸಿ.

ಕೂಸಿಗಿಂತ ಮೊದಲು ಬಳ್ಳಿ ಇಳಿದರೆ ತಾಯಿಯನ್ನು ಮೊಣಕಾಲು, ಎದೆ ಊರಿಸಿ ಸೊಂಟ ಮೇಲೆತ್ತಿ ಮಲಗಿಸಿ. ಅದೇ ಭಂಗಿಯಲ್ಲಿ ಗಾಡಿಗೆ ಹತ್ತಿಸಿ.

ಹುಟ್ಟಿದ ಹೊತ್ತು ಗಟ್ಟಿಯಾಗಿ ಹೇಳಿ. ಯಾರಾದರೂ ಬರೆದುಕೊಳ್ಳಲಿ.

ಕೂಸಿಗೆ, ಮೊದಲ ನಿಮಿಷದಲ್ಲಿ

ಒಣ ಬಟ್ಟೆಯಿಂದ ತಲೆ, ಬೆನ್ನು, ಮೈ ಒರೆಸಿ. ಒದ್ದೆ ಬಟ್ಟೆ ಎಸೆದು ಬೇರೆ ಹೊದಿಸಿ.

ಅಳದಿದ್ದರೆ ಬಾಯೊಳಗೆ ಕಾಣುವ ಲೋಳೆಯನ್ನು ಬಟ್ಟೆ ಸುತ್ತಿದ ಬೆರಳಿನಿಂದ ತೆಗೆಯಿರಿ. ಬೆನ್ನನ್ನು ಮೇಲಿಂದ ಕೆಳಗೆ ತಿಕ್ಕಿ.

ಆದರೂ ಉಸಿರಿಲ್ಲದಿದ್ದರೆ ತಲೆ ನೆಟ್ಟಗೆ ಇಡಿ. ಕೂಸಿನ ಬಾಯಿ ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ, ಕೆನ್ನೆಯೊಳಗಿನಷ್ಟೇ ಗಾಳಿ ಊದಿ. ಎದೆ ಏಳಬೇಕು. ನಿಮಿಷಕ್ಕೆ ಸುಮಾರು 40 ಸಲ. 108ರವರನ್ನು ಫೋನಿನಲ್ಲಿ ಸ್ಪೀಕರ್‌ಗೆ ಹಾಕಿಕೊಂಡು ಮಾಡಿ.

ಅತ್ತರೆ ಬರಿ ಮೈಯಲ್ಲೇ ತಾಯಿಯ ಬರಿ ಎದೆಗೆ ಮಲಗಿಸಿ, ಇಬ್ಬರಿಗೂ ಸೇರಿಸಿ ಹೊದಿಸಿ, ಕುಲಾವಿ ಹಾಕಿ.

ತಾಸಿನೊಳಗೆ ಮೊಲೆಗೆ ಹಚ್ಚಿ. ಹಳದಿ ಮೊದಲ ಹಾಲು ಪೂರ್ತಿ ಕುಡಿಯಲಿ.

ಗಾಡಿ ದಾರಿಯಲ್ಲಿದ್ದರೆ ಬಳ್ಳಿ ಕತ್ತರಿಸದೆ ಹಾಗೇ ಬಿಡಿ. ಮಾಸು ಬಿದ್ದ ಮೇಲೂ ಅದನ್ನು ಕೂಸಿನ ಜೊತೆಗೇ ಬಟ್ಟೆಯಲ್ಲಿ ಸುತ್ತಿ ಒಯ್ಯಬಹುದು. ಕತ್ತರಿಸಲೇಬೇಕಾದರೆ ಮಿಡಿತ ನಿಲ್ಲುವವರೆಗೆ ಕಾಯಿರಿ. ಹೊಟ್ಟೆಯಿಂದ ನಾಲ್ಕು ಬೆರಳು ಬಿಟ್ಟು ಒಂದು ಗಂಟು, ಅಲ್ಲಿಂದ ಎರಡು ಬೆರಳು ಬಿಟ್ಟು ಇನ್ನೊಂದು ಗಂಟು ಹಾಕಿ, ನಡುವೆ ಕುದಿಸಿದ ಬ್ಲೇಡಿನಿಂದ ಕೊಯ್ಯಿರಿ. ರಕ್ತ ಜಿನುಗಿದರೆ ಮೂರನೇ ದಾರ ಕಟ್ಟಿ.

ತಾಯಿಗೆ, ಕೂಸು ಬಂದ ಮೇಲೆ

ಕೂಸು ಬಂತೆಂದು ಎಲ್ಲರೂ ಕೂಸಿನ ಕಡೆ ತಿರುಗುತ್ತಾರೆ. ಒಬ್ಬರು ತಿರುಗದೆ ತಾಯಿಯನ್ನೇ ನೋಡುತ್ತಿರಿ. ಸಾವು ಬರುವುದು ಈಗ.

ನರ್ಸ್ ಮೊದಲೇ ಮಿಸೋಪ್ರೊಸ್ಟಾಲ್ ಮಾತ್ರೆ ಕೊಟ್ಟಿದ್ದರೆ, ಹೊಟ್ಟೆಯಲ್ಲಿ ಇನ್ನೊಂದು ಕೂಸಿಲ್ಲ ಎಂದು ಖಾತ್ರಿಯಾದ ಕೂಡಲೇ ಅವರು ಹೇಳಿದಷ್ಟು ನುಂಗಿಸಿ.

ಮೂತ್ರ ಮಾಡಿಸಿ. ತುಂಬಿದ ಮೂತ್ರಚೀಲ ಗರ್ಭಕೋಶವನ್ನು ಮುದುಡಲು ಬಿಡುವುದಿಲ್ಲ.

ಮಾಸು ತಾನಾಗಿ ಬೀಳಲು ಕಾಯಿರಿ. 30 ನಿಮಿಷಕ್ಕೂ ಬೀಳದಿದ್ದರೆ ಆಸ್ಪತ್ರೆ.

ಮಾಸು ಬಿದ್ದ ಮೇಲೆ ಹೊಕ್ಕಳ ಕೆಳಗೆ ಅಂಗೈ ಇಟ್ಟು ಗರ್ಭಕೋಶವನ್ನು ಉಜ್ಜಿ. ತೆಂಗಿನಕಾಯಿಯಂತೆ ಗಟ್ಟಿಯಾಗಬೇಕು. ಮೆತ್ತಗಾದರೆ ಮತ್ತೆ ಉಜ್ಜಿ. ಎರಡು ತಾಸು 15 ನಿಮಿಷಕ್ಕೊಮ್ಮೆ ಮುಟ್ಟಿ ನೋಡಿ.

ಮಾಸನ್ನು ಚೀಲದಲ್ಲಿ ಹಾಕಿ ನರ್ಸ್‌ಗೆ ತೋರಿಸಿ. ತುಂಡು ಒಳಗೆ ಉಳಿದಿದ್ದರೆ ಅದನ್ನು ನೋಡಿಯೇ ಗೊತ್ತಾಗುವುದು. ಹುಗಿಯುವ ಶಾಸ್ತ್ರ ಆಮೇಲೆ.

ಒಂದು ದಪ್ಪ ಬಟ್ಟೆ ಐದು ನಿಮಿಷದಲ್ಲಿ ತೊಯ್ದು ಹೋದರೆ ಅದು ಅತಿ ಸ್ರಾವ. ಅಂಗಾತ ಮಲಗಿಸಿ, ಕಾಲು ಎತ್ತರಿಸಿ, ಹೊದಿಸಿ, ಉಜ್ಜುತ್ತಲೇ ಗಾಡಿಗೆ ಹತ್ತಿಸಿ. ರಕ್ತ ಕೊಡುವವರನ್ನೂ ಹತ್ತಿಸಿ.

ಎಲ್ಲ ಸರಿಯಿದೆ ಅನ್ನಿಸಿದರೂ ಅದೇ ದಿನ ತಾಯಿ, ಕೂಸು ಇಬ್ಬರನ್ನೂ ಆಸ್ಪತ್ರೆಗೆ ತೋರಿಸಿ. ಕೂಸಿಗೆ ಕೆ ವಿಟಮಿನ್, ಬಿ.ಸಿ.ಜಿ., ಪೋಲಿಯೊ ಹನಿ, 24 ತಾಸಿನೊಳಗೆ ಹೆಪಟೈಟಿಸ್ ಬಿ ಹಾಕಿಸಿ. ತೂಕ ಮಾಡಿಸಿ. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ವೈದ್ಯರು ಹೇಳುವವರೆಗೆ ಮನೆಗೆ ಕರೆತರುವ ಮಾತಿಲ್ಲ.

21 ದಿನದೊಳಗೆ ಜನನ ನೋಂದಣಿ ಮಾಡಿಸಿ. ಮನೆಯಲ್ಲಿ ಹುಟ್ಟಿದ ಕೂಸಿನ ಸುದ್ದಿ ಕೊಡುವ ಹೊಣೆ ಮನೆಯ ಯಜಮಾನನದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ ಸೇರಲು ಹುಟ್ಟಿದ ದಿನದ ಪುರಾವೆ ಆ ಪ್ರಮಾಣಪತ್ರವೇ.

ಮಾಡಬಾರದ್ದು

ತಡ

ಹಿರಿಯರು ಬರಲಿ ಎಂದು ಕಾಯುವುದು ಬೇಡ.

ಅಮಾಸಿ ದಾಟಲಿ, ರಾಹುಕಾಲ ಕಳೆಯಲಿ ಎನ್ನುವುದು ಬೇಡ.

ಗಂಡ ಪುಣೆಯಿಂದಲೋ ಗೋವಾದಿಂದಲೋ ಬಂದ ಮೇಲೆ ಹೋಗೋಣ ಎನ್ನುವುದು ಬೇಡ. ಆತನ ಒಪ್ಪಿಗೆಯನ್ನು ಇವತ್ತೇ ಫೋನಿನಲ್ಲಿ ಪಡೆದಿಡಿ.

"ಮೊದಲ ಎರಡು ಮನೆಯಲ್ಲೇ ಆದವು" ಎನ್ನುವುದು ಬೇಡ. ಮೂರನೆಯದಕ್ಕೆ ಅದು ಜಾಮೀನಲ್ಲ.

ನೋವು 12 ತಾಸು ದಾಟಿದರೂ ಮನೆಯಲ್ಲಿ ಕೂಡುವುದು ಬೇಡ.

ಖರ್ಚಿಗೆ ಹೆದರಿ ಉಳಿಯಬಾರದು. 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಬರುವ ಹೋಗುವ ಗಾಡಿ ಎಲ್ಲವೂ ಉಚಿತ. ಕೈಬಿಸಿ ಮಾಡಿ ಎಂದವರ ಮೇಲೆ 104ಕ್ಕೆ ದೂರು ಕೊಡಿ. ಜಗಳಕ್ಕೆ ನಿಂತು ಬಸುರಿಯನ್ನು ವಾಪಸ್ ಕರೆತರುವುದು ಬೇಡ.

ಆಸ್ಪತ್ರೆಯ ಭಯಕ್ಕೆ ಮನೆ ಹಿಡಿಯುವುದೂ ಬೇಡ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿದ ಮೇಲೆ ನಡುಗುವ ಮನೆಗಳಿವೆ. ಆ ಭಯ ಸುಳ್ಳಲ್ಲ. ಪ್ರಶ್ನೆ ಕೇಳಿ, ಏನು ಹಾಕುತ್ತಿದ್ದೀರಿ ಎಂದು ಕೇಳಿ, ಬೇರೆ ಆಸ್ಪತ್ರೆ ಬೇಕಾದರೆ ಆರಿಸಿ. ಮನೆಯಲ್ಲಿ ರಕ್ತವೂ ಇಲ್ಲ, ಆಪರೇಷನ್ ಕೋಣೆಯೂ ಇಲ್ಲ.

ಸೂಲಗಿತ್ತಿ ಇದ್ದಾಳೆ, ಸಾಕು ಎನ್ನುವುದು ಬೇಡ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಆ ಕೈಗಳಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ನಿಮ್ಮೂರ ಅಜ್ಜಿಯನ್ನೂ ಗಾಡಿಯಲ್ಲಿ ಜೊತೆಗೆ ಕರೆದುಕೊಂಡು ಹೋಗಿ. ಬಸುರಿಗೆ ಅವಳ ಕೈ ಹಿಡಿದರೆ ಧೈರ್ಯ.

ಸೂಜಿ, ಒತ್ತು, ಎಳೆತ

ನೋವು ಜೋರಾಗಲೆಂದು ಮನೆಯಲ್ಲಿ ಸೂಜಿ ಚುಚ್ಚಿಸಬಾರದು. ಎಷ್ಟೇ ಹಳೆಯ ಪರಿಚಯದ ಡಾಕ್ಟರ್ ಬ್ಯಾಗು ಹಿಡಿದು ಬಂದರೂ ಬೇಡ. ಗರ್ಭಕೋಶ ಹರಿಯುತ್ತದೆ, ಕೂಸು ಒಳಗೇ ಸಾಯುತ್ತದೆ, ತಾಯಿ ದಾರಿಯಲ್ಲಿ ಸಾಯುತ್ತಾಳೆ. ಈ ಪಟ್ಟಿಯಲ್ಲಿ ಒಂದೇ ಒಂದು ಸಾಲು ನೆನಪಿಡುವುದಾದರೆ ಇದನ್ನು ನೆನಪಿಡಿ.

ಕೂಸು ಹುಟ್ಟುವ ಮೊದಲು ಮಿಸೋಪ್ರೊಸ್ಟಾಲ್ ಬೇಡ. ಕಾರಣ ಅದೇ.

ಔಡಲೆಣ್ಣೆ ಕುಡಿಸುವುದು ಬೇಡ.

ಹೊಟ್ಟೆ ಒತ್ತಬಾರದು. ಮೊಣಕಾಲು ಊರಬಾರದು. ಸೀರೆ ಬಿಗಿದು ಕೆಳಗೆ ನೂಕಬಾರದು.

ತಿಣುಕು ತಾನಾಗಿ ಬರುವ ಮೊದಲು "ತಿಣುಕು, ತಿಣುಕು" ಎನ್ನುವುದು ಬೇಡ.

ಒಳಗೆ ಕೈ ಹಾಕಿ ನೋಡಬಾರದು. ಎಣ್ಣೆ ಹಚ್ಚಿದ ಕೈಯೂ ಬೇಡ.

ಕೈ, ಕಾಲು, ಕುಂಡಿ ಮೊದಲು ಕಂಡರೆ ಎಳೆಯಬಾರದು. ಒಳಗೆ ನೂಕಲೂಬಾರದು.

ಮಾಸು ಬೀಳಲಿಲ್ಲವೆಂದು ಬಳ್ಳಿ ಜಗ್ಗಬಾರದು. ಗರ್ಭಕೋಶವೇ ಮಗುಚಿ ಹೊರಬರುತ್ತದೆ.

ಕೂದಲು ಬಾಯಿಗೆ ತುರುಕಿ ಓಕರಿಕೆ ಬರಿಸುವುದು ಬೇಡ.

ಫಿಟ್ಸ್ ಬಂದರೆ

ಬಾಯಿಗೆ ಚಮಚ, ನೀರು, ಏನೂ ಹಾಕಬಾರದು. ಕೈಯಲ್ಲಿ ಕಬ್ಬಿಣ ಹಿಡಿಸುವುದು, ಉಳ್ಳಾಗಡ್ಡಿ ಮೂಸಿಸುವುದು ಬೇಡ. ಗಾಳಿ ಬಡಿಯಿತೆಂದು ಗುಡಿಗೆ, ದರ್ಗಾಕ್ಕೆ ಒಯ್ಯುವುದು ಬೇಡ. ಇದು ಏರಿದ ಬಿ.ಪಿ. ಎಡ ಮಗ್ಗುಲಿಗೆ ಹೊರಳಿಸಿ, ಗಾಡಿ ಹತ್ತಿಸಿ. ಮುಖ ಬಾವು, ಸೀಳುವ ತಲೆನೋವು, ಕಣ್ಣು ಮಂಜು, ಇವು ಫಿಟ್ಸಿಗೆ ಮೊದಲೇ ಬರುವ ಗುರುತು; ಝಂಡು ಬಾಮ್ ಹಚ್ಚಿ ಮಲಗಿಸುವುದು ಬೇಡ. ಹೆತ್ತ ಮೇಲೂ ಫಿಟ್ಸ್ ಬರಬಹುದು.

ಹೊಕ್ಕಳ

ಕುಡಗೋಲು, ಈಳಿಗೆ, ಬಳೆಚೂರು, ದಂಟಿನ ಸಿಬಿರು ಬೇಡ.

ಉಡದಾರದ ದಾರ, ಸೀರೆಯ ಅಂಚಿನ ಎಳೆ ಬೇಡ.

ಸೆಗಣಿ, ಬೂದಿ, ಅರಿಶಿನ, ಎಣ್ಣೆ, ಕುಂಕುಮ, ಯಾವುದನ್ನೂ ಹಚ್ಚಬಾರದು. ಹೊಕ್ಕಳ ಬರಿದಾಗಿ ಒಣಗಲಿ. ಧನುರ್ವಾಯು ಹಿಡಿದರೆ ಮೊದಲ ಎರಡು ದಿನ ಚೆನ್ನಾಗಿ ಕುಡಿದ ಕೂಸು ಆಮೇಲೆ ಬಾಯಿ ಬಿಡದೆ, ಸೆಟೆದು ಸಾಯುತ್ತದೆ. ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ಹತೋಟಿಗೆ ತಂದಿತೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಕೊಟ್ಟಿಗೆಯ ಮಣ್ಣಿನಲ್ಲಿ ಆ ರೋಗಾಣು ಇವತ್ತಿಗೂ ಇದೆ.

ಕೂಸು

ತಲೆಕೆಳಗಾಗಿ ಹಿಡಿಯುವುದು, ಕುಂಡಿಗೆ ಬಡಿಯುವುದು, ತಣ್ಣೀರು ಎರಚುವುದು ಬೇಡ.

ಮೊದಲ 24 ತಾಸು ಎರೆಯುವುದು ಬೇಡ. ಮೈ ಆರಿದರೆ ಕೂಸು ಹೋಗುತ್ತದೆ.

ಜೇನು, ಸಕ್ಕರೆ ನೀರು, ಬಜೆ, ಗುಟ್ಟಿ, ಆಕಳ ಹಾಲು ಬೇಡ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ.

ಮೊದಲ ಹಾಲು ಹಿಂಡಿ ಚೆಲ್ಲಬಾರದು.

ಕಣ್ಣಿಗೆ ಕಾಡಿಗೆ ಬೇಡ. ಕಿವಿ, ಮೂಗಿಗೆ ಎಣ್ಣೆ ಬೇಡ.

ಹೆಣ್ಣು ಹುಟ್ಟಿತೆಂದು ಗಾಡಿಗೆ ಹೇಳಲು ತಡಮಾಡಬಾರದು.

ಬಾಣಂತಿ

ಬಾಗಿಲು ಕಿಟಕಿ ಮುಚ್ಚಿ ಹೊರಸಿನ ಕೆಳಗೆ ಕೆಂಡ ಇಡಬಾರದು. ಹೊಗೆಯಲ್ಲಿ ತಾಯಿ, ಕೂಸು ಇಬ್ಬರೂ ನಿದ್ದೆಯಲ್ಲೇ ಹೋಗುತ್ತಾರೆ.

ನೀರು ಕೊಡದೆ ಇಡುವುದು ಬೇಡ. ಬರೀ ಅನ್ನ ಮೆಣಸಿನ ಸಾರಿನಲ್ಲಿ ದಿನ ತಳ್ಳುವುದು ಬೇಡ. ಸೊಪ್ಪು, ಬೇಳೆ, ಮೊಟ್ಟೆ ತಿನ್ನಲಿ.

ಜ್ವರ, ನಾತ ಬರುವ ಸ್ರಾವ ಕಂಡರೆ "ಹಸಿ ಬಾಣಂತಿಗೆ ಇದ್ದದ್ದೇ" ಎನ್ನುವುದು ಬೇಡ. ನಂಜು ಏರಿದರೆ ಉಳಿಸುವುದು ಕಷ್ಟ.

ವಯಸ್ಸು

ಬಸುರಿಗೆ 18 ತುಂಬಿಲ್ಲವೆಂದು ಮನೆಯಲ್ಲಿ ಬಚ್ಚಿಟ್ಟು ಹೆರಿಗೆ ಮಾಡಿಸಬಾರದು. ಆಸ್ಪತ್ರೆ ಪೊಲೀಸರಿಗೆ ತಿಳಿಸುತ್ತದೆ, ಕೇಸು ಆಗುತ್ತದೆ. ಆಗಲಿ. ಸಣ್ಣ ಮೈಯ ಹುಡುಗಿಗೇ ಹೆರಿಗೆ ಹೆಚ್ಚು ಅಪಾಯ. ಅವಳಿಗೇ ಆಸ್ಪತ್ರೆ ಎಲ್ಲರಿಗಿಂತ ಮೊದಲು ಬೇಕು.

ಆಶಾ ಬಂದಾಗ

ಮನೆಯಲ್ಲಿ ಹೆರಿಗೆಯಾದರೆ ಆಶಾ 1, 3, 7, 14, 21, 28 ಮತ್ತು 42ನೇ ದಿನ ಬರಬೇಕು. ಹೊಲೆ, ಸೂತಕ ಎಂದು ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸುವುದು ಬೇಡ. ಕೂಸು ಮಲಗಿದೆ, ಎಬ್ಬಿಸಬೇಡ ಎನ್ನುವುದು ಬೇಡ, ತೂಗಿ ನೋಡಲಿ. 42ನೇ ದಿನದ ಭೇಟಿ ಬರೆಯುವವರೆಗೆ ತಾಯಿ ಕಾರ್ಡನ್ನು ಟ್ರಂಕಿನೊಳಗೆ ಇಡುವುದು ಬೇಡ.